ಹಾಯಿದೋಣಿ ಏರುವ ಮುನ್ನ: ಕಾಲಿಗೆ ಎಂಥ ಶೂ ಬೇಕು?

ಹಾಯಿದೋಣಿ ಕಲಿಯಲು ಹೊರಟವರು ಮೊದಲು ಕೇಳುವುದು ಈಜು ಬರಲೇಬೇಕಾ ಅಂತ. ಆಮೇಲೆ ಲೈಫ್ ಜಾಕೆಟ್ ಬಗ್ಗೆ ಕೇಳುತ್ತಾರೆ, ಬಿಸಿಲಿಗೆ ಟೋಪಿ ಬೇಕಾ ಅಂತ ಕೇಳುತ್ತಾರೆ. ಕಾಲಿಗೆ ಏನು ಹಾಕಿಕೊಂಡು ಬರಲಿ ಅಂತ ಕೇಳುವವರು ಬಹಳ ಕಡಿಮೆ. ಹಾಗಾಗಿ ಮೊದಲ ದಿನ ಒಬ್ಬರು ಹವಾಯಿ ಚಪ್ಪಲಿಯಲ್ಲಿ ಬರುತ್ತಾರೆ, ಇನ್ನೊಬ್ಬರು ದಪ್ಪ ಸೋಲಿನ (ಅಟ್ಟೆಯ) ಟ್ರೆಕ್ಕಿಂಗ್ ಶೂನಲ್ಲಿ, ಮತ್ತೊಬ್ಬರು ಬರಿಗಾಲಲ್ಲಿ. ಮೂವರಿಗೂ ಅವತ್ತು ತೊಂದರೆಯೇ.

ದೋಣಿಯಲ್ಲಿ ಕಾಲಿಗೆ ಕೆಲಸ ಜಾಸ್ತಿ. ನಿಂತ ಜಾಗ ಒದ್ದೆಯಾಗಿರುತ್ತದೆ, ಓರೆಯಾಗಿರುತ್ತದೆ, ಅಲುಗಾಡುತ್ತಲೂ ಇರುತ್ತದೆ. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಚುಕ್ಕಾಣಿ. ಮೈ ಜಾರದಂತೆ ಹಿಡಿದಿಡಲು ಉಳಿಯುವುದು ಕಾಲು ಮಾತ್ರ. ಅದಕ್ಕೇ ನಾನು ಹೇಳುವುದಿಷ್ಟು: ಅಂಗಡಿಗೆ ಹೋಗುವ ಮೊದಲು, ನಿಮ್ಮ ಕಾಲು ಆ ದಿನ ಎಲ್ಲೆಲ್ಲಿ ಇಳಿಯುತ್ತದೆ, ಏನೇನು ಮಾಡುತ್ತದೆ ಅಂತ ಯೋಚಿಸಿ. ಬ್ರ್ಯಾಂಡು, ಬಣ್ಣ, ಬೆಲೆ ಎಲ್ಲ ಆಮೇಲೆ.

ಹಂತ 1: ಯಾವ ದೋಣಿ ಅಂತ ಕೇಳಿಕೊಳ್ಳಿ

ನೀವು ಕಲಿಯಲು ಹೋಗುವ ಕ್ಲಬ್ಬಿಗೆ ಒಂದು ಫೋನ್ ಮಾಡಿ, ಯಾವ ದೋಣಿಯಲ್ಲಿ ಕೂರಿಸುತ್ತೀರಿ ಅಂತ ಕೇಳಿ. ಉತ್ತರ ಸಾಮಾನ್ಯವಾಗಿ ಎರಡರಲ್ಲಿ ಒಂದಾಗಿರುತ್ತದೆ.

ಒಂದು, ಡಿಂಗಿ. ಒಬ್ಬರೋ ಇಬ್ಬರೋ ಕೂರುವ ಸಣ್ಣ ಹಾಯಿದೋಣಿ. ಮಕ್ಕಳ ಆಪ್ಟಿಮಿಸ್ಟ್, ದೊಡ್ಡವರ ಲೇಸರ್ (ಈಗ ಅದರ ಹೆಸರು ಇಲ್ಕಾ) ಈ ಜಾತಿಯವು. 2023ರಲ್ಲಿ ಚೀನಾದಲ್ಲಿ ನಡೆದ ಏಷ್ಯನ್ ಗೇಮ್ಸ್‌ನಲ್ಲಿ ನೇಹಾ ಠಾಕೂರ್ ಬೆಳ್ಳಿ, ವಿಷ್ಣು ಸರವಣನ್ ಕಂಚು ಗೆದ್ದದ್ದು ಇಂಥ ದೋಣಿಗಳಲ್ಲೇ. ಇಲ್ಲಿ ನೀವು ಒದ್ದೆಯಾಗುವುದು ಗ್ಯಾರಂಟಿ. ದೋಣಿ ಮಗುಚುತ್ತದೆ, ನೀರಿಗೆ ಬೀಳುತ್ತೀರಿ, ಮತ್ತೆ ಹತ್ತುತ್ತೀರಿ. ಅಂದಮೇಲೆ ನೀರು ಒಳಗೆ ಬಂದರೂ ಕೆಲಸ ಮಾಡುವ ಶೂ ಬೇಕು.

ಇನ್ನೊಂದು, ಕೀಲ್‌ಬೋಟ್ ಅಥವಾ ಯಾಟ್. ಅಡಿಯಲ್ಲಿ ಕೀಲ್ ಅನ್ನುವ ಭಾರವಾದ ರೆಕ್ಕೆ ಇರುವ ದೊಡ್ಡ ದೋಣಿ. ಮುಂಬೈ, ಗೋವಾ, ಚೆನ್ನೈ ಕಡೆ ಸಮುದ್ರಕ್ಕೆ ಹೋಗುವವರಿಗೆ ಇದು ಸಿಗುತ್ತದೆ. ಇದರಲ್ಲಿ ನೀವು ಹೆಚ್ಚು ಹೊತ್ತು ಒಣಗಿದ ಕಾಲಲ್ಲೇ ಇರುತ್ತೀರಿ. ಆದರೆ ಡೆಕ್ (ದೋಣಿಯ ಮೇಲಿನ ನೆಲ) ಮೇಲೆ ಓಡಾಡಬೇಕು, ಮುಂದೆ ಹೋಗಿ ಹಾಯಿ ಇಳಿಸಬೇಕು. ದಾರಿಯುದ್ದಕ್ಕೂ ಕಬ್ಬಿಣದ, ಸ್ಟೀಲಿನ ಸಾಮಾನುಗಳು ಎದ್ದು ನಿಂತಿರುತ್ತವೆ.

ಇವೆರಡರ ನಡುವೆ ಹೋಬಿ 16 ಥರದ ಕ್ಯಾಟಮರಾನ್ ಇದೆ. ಎರಡು ಹೊಟ್ಟೆಯ ದೋಣಿ, ಮಧ್ಯೆ ಬಿಗಿದ ಜಾಲರಿ ಬಟ್ಟೆ. ಆ ಬಟ್ಟೆ ಬಿಗಿಯುವ ಹಗ್ಗದ ಸಂದಿಗೆ ಬರಿಗಾಲಿನ ಬೆರಳು ಸಿಕ್ಕಿಕೊಳ್ಳುವುದು ಸುಲಭ. ಡಿಂಗಿಯ ಶೂ ಇದಕ್ಕೂ ನಡೆಯುತ್ತದೆ.

ಡಿಂಗಿಗೂ ಯಾಟಿಗೂ ಒಂದೇ ಜೋಡಿ ಶೂ ಕೊಳ್ಳೋಣ ಅಂತ ಆಸೆಯಾಗುತ್ತದೆ. ಬೇಡ. ಎರಡಕ್ಕೂ ಅರ್ಧಂಬರ್ಧ ಆಗುತ್ತದೆ. ಮೊದಲ ವರ್ಷ ಯಾವುದರಲ್ಲಿ ಜಾಸ್ತಿ ಹೋಗುತ್ತೀರೋ ಅದಕ್ಕೆ ಮಾತ್ರ ಕೊಳ್ಳಿ.

ಹಂತ 2: ದಡದಿಂದ ದೋಣಿಯವರೆಗಿನ ದಾರಿ ನೋಡಿ

ಪುಸ್ತಕಗಳು ದೋಣಿಯ ಮೇಲಿನ ಕಾಲಿನ ಬಗ್ಗೆ ಬರೆಯುತ್ತವೆ. ನಮ್ಮ ಕಡೆ ಅಪಾಯ ಜಾಸ್ತಿ ಇರುವುದು ದೋಣಿಗೆ ತಲುಪುವ ದಾರಿಯಲ್ಲಿ.

ಕೆಆರ್‌ಎಸ್ ಹಿನ್ನೀರನ್ನೇ ತೆಗೆದುಕೊಳ್ಳಿ. ಜಲಾಶಯದ ಪೂರ್ಣ ಮಟ್ಟ 124.80 ಅಡಿ. ಮಳೆಗಾಲದಲ್ಲಿ ತುಂಬಿದಾಗ ನೀರು ಹುಲ್ಲಿನ ಅಂಚಿಗೇ ಬಂದಿರುತ್ತದೆ. ಬೇಸಿಗೆಯಲ್ಲಿ ಮಟ್ಟ ಇಳಿದಂತೆಲ್ಲ ದಡ ದೂರ ಸರಿಯುತ್ತದೆ. ಆಗ ದೋಣಿಯನ್ನು ಟ್ರಾಲಿಯಲ್ಲಿ ತಳ್ಳಿಕೊಂಡು ಕೆಸರಿನಲ್ಲಿ ನಡೆಯಬೇಕು. ಆ ಕೆಸರಿನೊಳಗೆ ಜಾಲಿ ಮುಳ್ಳು ಇರಬಹುದು, ಕಪ್ಪೆಚಿಪ್ಪು ಇರಬಹುದು, ಯಾರೋ ಒಡೆದು ಹೋದ ಬಾಟಲಿಯ ಚೂರು ಇರಬಹುದು. ಮೇಲಿನಿಂದ ಏನೂ ಕಾಣುವುದಿಲ್ಲ. ಚಪ್ಪಲಿ ಹಾಕಿದರೆ ನಾಲ್ಕು ಹೆಜ್ಜೆಗೆ ಕೆಸರು ಅದನ್ನು ಎಳೆದುಕೊಳ್ಳುತ್ತದೆ. ಇಂಥ ಜಾಗಕ್ಕೆ ಹೋಗುವವರು ಮುಳ್ಳು ಸುಲಭವಾಗಿ ತೂರದ ಸೋಲು, ಕಣಕಾಲಿನವರೆಗೆ ಬಿಗಿಯಾಗಿ ಕೂರುವ ಮೇಲ್ಭಾಗ, ಇವೆರಡನ್ನೂ ನೋಡಲೇಬೇಕು. ತೀರ ತೆಳುವಾದ ಈಜುಕೊಳದ ಶೂ ಇಲ್ಲಿ ಸಾಲುವುದಿಲ್ಲ.

ಸಮುದ್ರದ ಕಡೆ ಸಂಗತಿ ಬೇರೆ. ದೋಣಿ ಇಳಿಸುವ ಕಾಂಕ್ರೀಟ್ ಇಳಿಜಾರಿನ ಮೇಲೆ ಉಬ್ಬರದ ಗೆರೆಯಿಂದ ಕೆಳಗೆ ಪಾಚಿ ಕಟ್ಟಿರುತ್ತದೆ. ಎಂಥ ಒಳ್ಳೆಯ ಶೂ ಹಾಕಿದರೂ ಪಾಚಿ ಜಾರುತ್ತದೆ, ಅಲ್ಲಿ ನಿಧಾನವೇ ಮದ್ದು. ಕಲ್ಲಿಗೆ, ಕಂಬಕ್ಕೆ ಅಂಟಿದ ಚಿಪ್ಪುಗಳು ಬ್ಲೇಡಿನಷ್ಟು ಹರಿತ. ಮರಳಿನ ಆಳವಿಲ್ಲದ ನೀರಿನಲ್ಲಿ ತೊರಕೆ ಮೀನು ಹೂತು ಮಲಗಿರುವುದುಂಟು. ಅದನ್ನು ತುಳಿದರೆ ಬಾಲದ ಮುಳ್ಳು ಚುಚ್ಚುತ್ತದೆ, ಶೂ ಅದನ್ನು ಪೂರ್ತಿ ತಡೆಯುವುದಿಲ್ಲ. ಅಲ್ಲಿ ಕಾಲೆತ್ತಿ ಇಡದೆ ಮರಳಿನ ಮೇಲೆ ಎಳೆದುಕೊಂಡೇ ನಡೆಯಿರಿ, ಮೀನು ಸದ್ದಿಗೆ ಸರಿದುಹೋಗುತ್ತದೆ.

ಕರಾವಳಿಯ ಮೀನುಗಾರರು ಬರಿಗಾಲಲ್ಲೇ ದೋಣಿ ನಡೆಸುವುದನ್ನು ನೋಡಿ, ನಮಗೇಕೆ ಶೂ ಅಂತ ಕೇಳುವವರಿದ್ದಾರೆ. ಅವರ ಪಾದ ಚಿಕ್ಕಂದಿನಿಂದ ಮರಳು, ಉಪ್ಪು, ಹಲಗೆಯಲ್ಲಿ ಗಟ್ಟಿಯಾಗಿದೆ. ಕಣ್ಣು ಮುಚ್ಚಿದರೂ ದೋಣಿಯಲ್ಲಿ ಏನು ಎಲ್ಲಿದೆ ಅಂತ ಅವರಿಗೆ ಗೊತ್ತು. ವಾರವಿಡೀ ಆಫೀಸಿನಲ್ಲಿ ಕೂತು ಭಾನುವಾರ ದೋಣಿ ಏರುವ ನಮ್ಮ ಪಾದಕ್ಕೆ ಆ ಅಭ್ಯಾಸ ಎಲ್ಲಿದೆ?

ಹಂತ 3: ಶೂ ತಿರುಗಿಸಿ, ಸೋಲು ನೋಡಿ

ಅಂಗಡಿಯಲ್ಲಿ ಶೂ ಕೈಗೆ ಬಂದ ಕೂಡಲೇ ತಲೆಕೆಳಗು ಮಾಡಿ. ಮೇಲ್ಭಾಗ ಎಷ್ಟೇ ಚಂದವಿರಲಿ, ಸೋಲು ಸರಿಯಿಲ್ಲದಿದ್ದರೆ ವಾಪಸ್ ಇಟ್ಟುಬಿಡಿ.

ಒದ್ದೆ ಡೆಕ್ ಮೇಲೆ ಜಾರುವುದೇಕೆ? ಸೋಲಿಗೂ ಡೆಕ್ಕಿಗೂ ನಡುವೆ ನೀರಿನ ತೆಳು ಪದರ ಉಳಿದುಬಿಡುತ್ತದೆ. ಆ ನೀರು ಪಕ್ಕಕ್ಕೆ ಹೋದರೆ ಮಾತ್ರ ರಬ್ಬರ್ ಡೆಕ್ಕನ್ನು ಮುಟ್ಟುತ್ತದೆ. ಇದಕ್ಕೆ ದಾರಿ ಕಂಡುಕೊಂಡವರು ಅಮೆರಿಕದ ಕನೆಕ್ಟಿಕಟ್‌ನ ಪಾಲ್ ಸ್ಪೆರಿ. ಅವರು ತಮ್ಮ ದೋಣಿಯ ಡೆಕ್ ಮೇಲೆ ಜಾರಿ ಬಿದ್ದಿದ್ದರು. ಆಮೇಲೊಮ್ಮೆ ತಮ್ಮ ನಾಯಿ ಪ್ರಿನ್ಸ್ ಮಂಜುಗಡ್ಡೆಯ ಮೇಲೆ ಆರಾಮಾಗಿ ಓಡುವುದನ್ನು ಕಂಡು ಅದರ ಪಾದ ನೋಡಿದರು. ಪಾದದ ತುಂಬ ಸಣ್ಣ ಸಣ್ಣ ಸೀಳುಗಳಿದ್ದವು. ರಬ್ಬರ್ ಸೋಲಿನ ಮೇಲೆ ಅದೇ ಥರ ಅಂಕುಡೊಂಕಾಗಿ ಸೀಳಿ ನೋಡಿದರು. 1935ರಲ್ಲಿ ಆ ಶೂ ಮಾರುಕಟ್ಟೆಗೆ ಬಂತು. ಇವತ್ತಿನ ಡೆಕ್ ಶೂಗಳ ಸೋಲೆಲ್ಲ ಆ ಸೀಳಿನ ಮಕ್ಕಳು, ಮೊಮ್ಮಕ್ಕಳೇ.

ಈ ಸೀಳು ಹೇಗಿರುತ್ತದೆ ಅಂತ ಗೊತ್ತಿದ್ದರೆ ಗುರುತಿಸುವುದು ಸುಲಭ. ಸೋಲು ಸುಮ್ನೆ ನೋಡಿದರೆ ಚಪ್ಪಟೆಯಾಗಿ ಕಾಣುತ್ತದೆ. ಎರಡೂ ಕೈಯಿಂದ ಬಗ್ಗಿಸಿದಾಗ ಕೂದಲೆಳೆಯಷ್ಟು ತೆಳುವಾದ ಗೆರೆಗಳು ಬಾಯಿ ತೆರೆಯುತ್ತವೆ. ಹೆಜ್ಜೆ ಇಟ್ಟಾಗ ನೀರು ಆ ಬಾಯಿಗೆ ಹೋಗುತ್ತದೆ, ಗೆರೆಯ ಅಂಚು ಡೆಕ್ಕನ್ನು ಕಚ್ಚಿಕೊಳ್ಳುತ್ತದೆ. ಬಗ್ಗಿಸಿದಾಗ ಏನೂ ತೆರೆಯದೆ, ಬರೀ ಅಚ್ಚಿನಲ್ಲಿ ಒತ್ತಿದ ಚಿತ್ತಾರ ಇದ್ದರೆ ಅದು ನೋಟಕ್ಕಷ್ಟೇ ಡೆಕ್ ಶೂ. ಮಾಲ್‌ಗಳಲ್ಲಿ ಬೋಟ್ ಶೂ ಅಂತ ಮಾರುವ ಎಷ್ಟೋ ಜೋಡಿಗಳು ಹೀಗೆಯೇ. ಅವು ಮದುವೆ ಮನೆಗೆ ಸರಿ.

ಟ್ರೆಕ್ಕಿಂಗ್ ಶೂ ಯಾಕೆ ಬೇಡ ಅಂತ ಈಗ ಅರ್ಥವಾಗುತ್ತದೆ. ಅದರ ದಪ್ಪ ದಪ್ಪ ಹಲ್ಲು ಮಣ್ಣಿನಲ್ಲಿ ಇಳಿಯಲು ಮಾಡಿದ್ದು. ಗಟ್ಟಿ ಡೆಕ್ ಮೇಲೆ ಹಲ್ಲಿನ ತುದಿ ಮಾತ್ರ ತಾಗುತ್ತದೆ. ಹಲ್ಲಿನ ಸಂದಿಯಲ್ಲಿ ಕಲ್ಲು ಕೂತು ದೋಣಿಯ ಮೈ ಗೀರುತ್ತದೆ. ಹಗ್ಗ ಅದಕ್ಕೆ ಸಿಕ್ಕಿಕೊಳ್ಳುತ್ತದೆ. ಓಟದ ಶೂಗೂ ಬೇರೆ ತೊಂದರೆಗಳಿವೆ. ಅದರ ಸ್ಪಂಜಿನಂಥ ಸೋಲು ಎತ್ತರ, ಓರೆ ಡೆಕ್ ಮೇಲೆ ಕಣಕಾಲು ಹೊರಳುತ್ತದೆ. ಹಿಂದಕ್ಕೆ ಚಾಚಿದ ಹಿಮ್ಮಡಿಗೆ ಹಗ್ಗ ಸುತ್ತಿಕೊಳ್ಳುತ್ತದೆ. ನೀರು ಕುಡಿದರೆ ದಿನವಿಡೀ ಒಣಗುವುದಿಲ್ಲ.

ಇನ್ನು ಕಲೆಯ ವಿಷಯ. ಬ್ಯಾಡ್ಮಿಂಟನ್ ಆಡುವವರಿಗೆ ನಾನ್ ಮಾರ್ಕಿಂಗ್ ಶೂ ಅಂದರೆ ಗೊತ್ತು, ಅಲ್ವಾ? ದೋಣಿಗೂ ಅದೇ ನಿಯಮ. ಬಿಳಿ ಫೈಬರ್ ಡೆಕ್ ಮೇಲೆ ಕಪ್ಪು ರಬ್ಬರಿನ ಗೀಟು ಬಿದ್ದರೆ ಉಜ್ಜಿ ತೆಗೆಯಲು ದೋಣಿಯ ಒಡೆಯರಿಗೆ ಅರ್ಧ ದಿನ ಬೇಕು. ಸೋಲನ್ನು ಒಂದು ಬಿಳಿ ಹಾಳೆಯ ಮೇಲೆ ಒತ್ತಿ ಎಳೆಯಿರಿ. ಗೀಟು ಬಿದ್ದರೆ ಬೇಡ. ಕಪ್ಪಗಿರುವ ಎಲ್ಲ ಸೋಲೂ ಕಲೆ ಮಾಡುತ್ತದೆ ಅಂತೇನಿಲ್ಲ, ಬಣ್ಣ ನೋಡಿ ತೀರ್ಮಾನಿಸಬೇಡಿ, ಎಳೆದು ನೋಡಿ.

ಸೋಲು ಯಾವುದರಿಂದ ಮಾಡಿದ್ದು ಅಂತಲೂ ಕೇಳಿ. ರಬ್ಬರ್ ಆದರೆ ಒಳ್ಳೆಯದು. ಇವಿಎ ಅನ್ನುವ ಹಗುರ ಫೋಮ್ ಬೇಗ ಸವೆಯುತ್ತದೆ, ಒದ್ದೆಯಲ್ಲಿ ರಬ್ಬರಿನಷ್ಟು ಹಿಡಿಯುವುದಿಲ್ಲ. ಪಾಲಿಯುರೆಥೇನ್ ಸೋಲಿನದ್ದು ಇನ್ನೊಂದು ಕಥೆ. ಗಾಳಿಯ ತೇವಕ್ಕೆ ಅದು ಒಳಗೊಳಗೇ ಕೊಳೆಯುತ್ತದೆ. ಮಂಗಳೂರು, ಕಾರವಾರದಂಥ ಊರಿನಲ್ಲಿ ಡಬ್ಬಿಯೊಳಗೆ ಕೆಲವು ವರ್ಷ ಇಟ್ಟ ಶೂ, ಒಮ್ಮೆಯೂ ಹಾಕದಿದ್ದರೂ, ಮೊದಲ ದಿನವೇ ಪುಡಿ ಪುಡಿಯಾಗುವುದು ಇದರಿಂದಲೇ. ಡಿಸ್ಕೌಂಟಿನಲ್ಲಿ ಹಳೆ ಸ್ಟಾಕ್ ಕೊಳ್ಳುವಾಗ ಈ ಬಗ್ಗೆ ಎಚ್ಚರ ಇರಲಿ.

ಮನೆಗೆ ತಂದ ಮೇಲೆ ಒಂದು ಪರೀಕ್ಷೆ. ಬಚ್ಚಲಿನ ನುಣುಪು ಟೈಲ್ಸ್ ಅಥವಾ ಗ್ರಾನೈಟ್ ಮೇಲೆ ನೀರು ಚೆಲ್ಲಿ. ಗೋಡೆ ಹಿಡಿದುಕೊಂಡು, ಒಂದು ಕಾಲಲ್ಲಿ ಶೂ ಹಾಕಿ ನಿಧಾನಕ್ಕೆ ಮುಂದಕ್ಕೆ ಒತ್ತಿ. ಇನ್ನೊಂದು ಕಾಲಿನಲ್ಲಿ ನಿಮ್ಮ ಹಳೆ ಶೂ ಇರಲಿ. ಎರಡಕ್ಕೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಬಿಲ್ಲು ಜೋಪಾನವಾಗಿ ಇಟ್ಟುಕೊಂಡೇ ಇದನ್ನು ಮಾಡಿ.

ಹಂತ 4: ಬೆರಳು ಮುಚ್ಚಿರಲಿ

ಈ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವುದಿಲ್ಲ. ಬೆರಳು ತೆರೆದಿರುವ ಯಾವುದೂ ದೋಣಿಗೆ ಬೇಡ. ಹಗ್ಗ ಕಚ್ಚಿಸುವ ಕ್ಲೀಟ್, ರಾಟೆಗಳು, ಅವು ಓಡುವ ಕಂಬಿ, ಮಾಸ್ಟ್ (ಹಾಯಿಗಂಬ) ಹಿಡಿದ ತಂತಿಯ ಬುಡ, ಇವೆಲ್ಲ ಇರುವುದು ಕಾಲುಬೆರಳಿನ ಎತ್ತರದಲ್ಲೇ. ಗಾಳಿ ತಿರುಗಿದಾಗ ನೀವು ಬೂಮ್ (ಹಾಯಿಯ ಕೆಳಅಂಚಿನ ಅಡ್ಡಗಂಬ) ಕೆಳಗೆ ತಲೆ ತಗ್ಗಿಸಿ ಈ ಕಡೆಯಿಂದ ಆ ಕಡೆಗೆ ಹೋಗುತ್ತಿರುತ್ತೀರಿ. ಕಣ್ಣು ಹಾಯಿಯ ಮೇಲಿರುತ್ತದೆ, ಕಾಲಿನ ಮೇಲಲ್ಲ. ಕಿರುಬೆರಳು ಮುರಿದುಕೊಳ್ಳಲು ಅಷ್ಟು ಸಾಕು.

ನಮ್ಮಲ್ಲಿ ಫ್ಲೋಟರ್ಸ್ ಅಂತ ಕರೆಯುವ ಪಟ್ಟಿಯ ಸ್ಯಾಂಡಲ್ ಬಗ್ಗೆ ಬಹಳ ಜನ ಕೇಳುತ್ತಾರೆ. ಕಾಲಿನಿಂದ ಕಳಚುವುದಿಲ್ಲ, ನೀರು ನಿಲ್ಲುವುದಿಲ್ಲ, ನಿಜ. ಆದರೆ ಬೆರಳಿಗೆ ರಕ್ಷಣೆ ಇಲ್ಲ, ಬಕಲ್ಲಿಗೆ ಹಗ್ಗ ಸಿಕ್ಕಿಕೊಳ್ಳುತ್ತದೆ. ಮುಂಭಾಗ ಮುಚ್ಚಿದ ಮಾದರಿ ಸಿಕ್ಕರೆ ದಡದಿಂದ ದೋಣಿಯವರೆಗೆ, ಪ್ರಯಾಣಿಕರಾಗಿ ಕೂರಲು ಪರವಾಗಿಲ್ಲ. ಕ್ರಾಕ್ಸ್ ಥರದ ಸಡಿಲ ಚಪ್ಪಲಿ ಬೇಡವೇ ಬೇಡ. ಒದ್ದೆಯಾದ ಕಾಲು ಅದರ ಒಳಗೇ ಜಾರುತ್ತದೆ.

ಕಾಲುಂಗುರ, ಕಾಲ್ಗೆಜ್ಜೆ ಹಾಕುವ ಹೆಂಗಸರಿಗೆ ಒಂದು ಮಾತು. ಗೆಜ್ಜೆ ತೆಗೆದಿಟ್ಟೇ ಬನ್ನಿ, ಹಗ್ಗಕ್ಕೆ ಸಿಕ್ಕಿದರೆ ಚರ್ಮ ಕಿತ್ತುಕೊಂಡು ಬರುತ್ತದೆ. ಕಾಲುಂಗುರ ತೆಗೆಯಲು ಮನಸ್ಸಿಲ್ಲದಿದ್ದರೆ ಅದರ ಮೇಲೆ ಔಷಧಿ ಅಂಗಡಿಯಲ್ಲಿ ಸಿಗುವ ಬಟ್ಟೆಯ ಟೇಪ್ ಸುತ್ತಿ, ತೆಳು ಸಾಕ್ಸ್ ಹಾಕಿ, ಮುಂಭಾಗ ಸ್ವಲ್ಪ ಅಗಲವಿರುವ ಶೂ ಆರಿಸಿ.

ಹಂತ 5: ಡಿಂಗಿಗೆ ನಿಯೋಪ್ರೀನ್ ಬೂಟು

ಡಿಂಗಿ ಓಡಿಸುವವರು ಹಾಕುವುದು ನಿಯೋಪ್ರೀನ್ ಬೂಟು. ನಿಯೋಪ್ರೀನ್ ಅಂದರೆ ಒಳಗೆ ಸಣ್ಣ ಗಾಳಿಗುಳ್ಳೆಗಳಿರುವ ಹಿಗ್ಗುವ ರಬ್ಬರ್. ನೀರು ಒಳಗೆ ಬರುತ್ತದೆ, ಆದರೆ ಬಿಗಿಯಾಗಿದ್ದರೆ ಅಲ್ಲೇ ತೆಳು ಪದರವಾಗಿ ನಿಂತು ಮೈಶಾಖಕ್ಕೆ ಬೆಚ್ಚಗಾಗುತ್ತದೆ. ಸಡಿಲವಾಗಿದ್ದರೆ ಪ್ರತಿ ಹೆಜ್ಜೆಗೂ ಹೊಸ ನೀರು ಬಂದು ಹೋಗುತ್ತಿರುತ್ತದೆ. ಆಗ ಬೆಚ್ಚಗೂ ಇಲ್ಲ, ಹಿಡಿತವೂ ಇಲ್ಲ.

ನಮ್ಮ ಕೆರೆ, ಜಲಾಶಯ, ಅರಬ್ಬಿ ಸಮುದ್ರಕ್ಕೆ 2 ಅಥವಾ 3 ಮಿಲಿಮೀಟರ್ ದಪ್ಪ ಸಾಕು. 5 ಮಿಲಿಮೀಟರಿನದ್ದು ಹಾಕಿದರೆ ಕಾಲು ಬೆಂದುಹೋಗುತ್ತದೆ.

ಡಿಂಗಿಯಲ್ಲಿ ಕಾಲು ಮಾಡುವ ದೊಡ್ಡ ಕೆಲಸ ಹೈಕಿಂಗ್. ಗಾಳಿ ಜೋರಾದಾಗ ದೋಣಿ ಒಂದು ಪಕ್ಕಕ್ಕೆ ವಾಲುತ್ತದೆ. ಅದನ್ನು ಸಮ ಮಾಡಲು ನೀವು ಎದುರು ಅಂಚಿನಲ್ಲಿ ಕೂತು, ದೋಣಿಯೊಳಗೆ ಉದ್ದಕ್ಕೆ ಕಟ್ಟಿದ ಪಟ್ಟಿಯ ಅಡಿಗೆ ಪಾದ ತೂರಿಸಿ, ಮೈಯನ್ನು ನೀರಿನ ಮೇಲಕ್ಕೆ ಚಾಚುತ್ತೀರಿ. ನೀವು ನೀರಿಗೆ ಬೀಳದಂತೆ ಹಿಡಿದಿರುವುದು ಪಾದದ ಮೇಲ್ಭಾಗದ ಮೇಲೆ ಕೂತ ಆ ಪಟ್ಟಿ. ಬರಿಗಾಲಾದರೆ ಅರ್ಧ ಗಂಟೆಯಲ್ಲಿ ಅಲ್ಲಿ ಚರ್ಮ ಸುಲಿಯುತ್ತದೆ. ಲೇಸಿನ ಶೂ ಆದರೆ ಗಂಟು ಸರಿಯಾಗಿ ಅಲ್ಲೇ ಒತ್ತುತ್ತದೆ. ಹಾಗಾಗಿ ಡಿಂಗಿ ಬೂಟು ನೋಡುವಾಗ ಪಾದದ ಮೇಲ್ಭಾಗಕ್ಕೆ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಅಲ್ಲಿ ದಪ್ಪ ರಬ್ಬರಿನ ತೇಪೆ ಇರಬೇಕು, ಹೊಲಿಗೆಯಾಗಲಿ ಜಿಪ್ಪಾಗಲಿ ಬರಬಾರದು. ಲೇಸ್ ಇದ್ದರೂ ಅದರ ಮೇಲೆ ಮುಚ್ಚುವ ಪಟ್ಟಿ ಇರಬೇಕು. ವೆಲ್ಕ್ರೋ ಪಟ್ಟಿ ಕಣಕಾಲಿನ ಸುತ್ತ ಇದ್ದರೆ ಅನುಕೂಲ, ಕೆಸರು ಶೂ ಎಳೆದುಕೊಳ್ಳುವುದಿಲ್ಲ.

ಮಗುಚಿದ ದೋಣಿಯನ್ನು ಎತ್ತುವಾಗಲೂ ಕಾಲಿಗೇ ಕೆಲಸ. ದೋಣಿಯ ಮಧ್ಯದಿಂದ ನೀರಿಗೆ ಇಳಿಬಿಟ್ಟ ಡ್ಯಾಗರ್‌ಬೋರ್ಡ್ ಹಲಗೆಯ ಮೇಲೆ ಹತ್ತಿ ನಿಂತು ಹಿಂದಕ್ಕೆ ವಾಲಬೇಕು. ಆ ಹಲಗೆ ತೆಳು, ನುಣುಪು, ಒದ್ದೆ. ಸೋಲು ಬಗ್ಗುವಂತಿದ್ದರೆ ಪಾದ ಹಲಗೆಯನ್ನು ಅಪ್ಪಿ ಹಿಡಿಯುತ್ತದೆ. ಗಟ್ಟಿ ಸೋಲು ಜಾರಿಸುತ್ತದೆ. ಅಂಗಡಿಯಲ್ಲಿ ಬೂಟಿನ ಸೋಲನ್ನು ಅರ್ಧಕ್ಕೆ ಮಡಚಿ ನೋಡಿ, ಸುಲಭವಾಗಿ ಬಗ್ಗಬೇಕು. ಹಾಗಂತ ಹಂತ ಎರಡರಲ್ಲಿ ಹೇಳಿದ ಮುಳ್ಳು, ಗಾಜನ್ನು ಮರೆಯಬೇಡಿ. ಬಗ್ಗಬೇಕು, ಆದರೆ ಬೆರಳಿನಿಂದ ಒತ್ತಿದರೆ ಇನ್ನೊಂದು ಕಡೆ ಗುರುತು ತಿಳಿಯುವಷ್ಟು ತೆಳುವಾಗಿರಬಾರದು. ಈ ಎರಡರ ನಡುವಿನ ಹದವೇ ಡಿಂಗಿ ಬೂಟಿನ ಗುಣ.

ನಮ್ಮಲ್ಲಿ ಸುಲಭವಾಗಿ ಸಿಗುವುದು ಡೆಕಾಥ್ಲಾನ್ ಅಂಗಡಿಯ ಟ್ರೈಬೋರ್ಡ್ ಸಾಮಾನು. ಝಿಕ್, ಗಿಲ್, ರೂಸ್ಟರ್ ಥರದ ಹೆಸರುಗಳನ್ನು ರೇಸಿಗೆ ಹೋಗುವವರು ಹೊರದೇಶದಿಂದ ತರಿಸುತ್ತಾರೆ. ಕಲಿಯುವ ವರ್ಷದಲ್ಲಿ ಅದರ ಅಗತ್ಯ ಇಲ್ಲ.

ಹಂತ 6: ಯಾಟಿಗೆ ಡೆಕ್ ಶೂ

ಇಲ್ಲಿ ಎರಡು ಬಗೆ. ಚರ್ಮದ ಹಳೆ ಮಾದರಿ, ಮತ್ತು ಬಲೆಯ ಬಟ್ಟೆಯ ಹೊಸ ಮಾದರಿ. ಚರ್ಮದ್ದು ಪಾದಕ್ಕೆ ತಕ್ಕಂತೆ ಪಳಗುತ್ತದೆ, ವರ್ಷಗಟ್ಟಲೆ ಬರುತ್ತದೆ. ಆದರೆ ಉಪ್ಪುನೀರು ಕುಡಿದು ಒಣಗಿದರೆ ಹಲಗೆಯಾಗುತ್ತದೆ, ನಮ್ಮ ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಲೆಯ ಬಟ್ಟೆಯದ್ದು ಬೇಗ ಒಣಗುತ್ತದೆ, ಸೋಲಿನ ಪಕ್ಕದಲ್ಲಿ ನೀರು ಹೋಗಲು ತೂತುಗಳಿರುತ್ತವೆ. ನಮ್ಮ ಹವೆಗೆ ನನ್ನ ಓಟು ಎರಡನೆಯದಕ್ಕೆ.

ಲೇಸ್ ತೂರಿಸುವ ಕಣ್ಣುಗಳು ಹಿತ್ತಾಳೆ ಅಥವಾ ಪ್ಲಾಸ್ಟಿಕ್ ಆಗಿರಲಿ. ಕಬ್ಬಿಣದ್ದಾದರೆ ಉಪ್ಪುಗಾಳಿಗೆ ತುಕ್ಕು ಹಿಡಿದು ಡೆಕ್ ಮೇಲೆ ಕಂದು ಕಲೆ ಬಿಡುತ್ತದೆ.

ಇನ್ನೊಂದು ರೂಢಿ ತಿಳಿದಿರಲಿ. ಮನೆಯೊಳಗೆ ಹೋಗುವಾಗ ಚಪ್ಪಲಿ ಹೊರಗೆ ಬಿಡುವಂತೆ, ಯಾಟಿನ ಡೆಕ್ ಏರುವಾಗ ಬೀದಿಯ ಶೂ ಕಳಚಬೇಕು. ಡೆಕ್ ಶೂವನ್ನು ಚೀಲದಲ್ಲಿ ತಂದು ಅಲ್ಲೇ ಹಾಕಿಕೊಳ್ಳಿ. ಇದು ಬರೀ ಮರ್ಯಾದೆಯ ಮಾತಲ್ಲ. ಬೀದಿಯ ಮರಳು ಸೋಲಿನ ಸೀಳಿನಲ್ಲಿ ತುಂಬಿಕೊಂಡರೆ ಸೀಳು ತೆರೆಯುವುದೇ ಇಲ್ಲ, ಹಿಡಿತ ಹೋಗುತ್ತದೆ. ಟಾರು ರಸ್ತೆಯಲ್ಲಿ ನಡೆದರೆ ಮೆತ್ತನೆಯ ರಬ್ಬರು ಬೇಗ ಸವೆಯುತ್ತದೆ.

ಹಂತ 7: ಅಳತೆ

ಸಂಜೆ ಹೋಗಿ ಅಳತೆ ನೋಡಿ, ದಿನದ ಕೊನೆಗೆ ಪಾದ ಸ್ವಲ್ಪ ಊದಿರುತ್ತದೆ. ನಿಯೋಪ್ರೀನ್ ಬೂಟು ಒದ್ದೆಯಾದರೆ ಹಿಗ್ಗುತ್ತದೆ, ಆದ್ದರಿಂದ ಅಂಗಡಿಯಲ್ಲಿ ಹಾಕಿದಾಗ ಬಿಗಿ ಅನ್ನಿಸಬೇಕು. ಬೆರಳು ಮಡಚಬಾರದು, ಅಷ್ಟೇ. ಡೆಕ್ ಶೂ ಮಾತ್ರ ಮಾಮೂಲಿ ಅಳತೆಯಲ್ಲೇ ತೆಗೆದುಕೊಳ್ಳಿ.

ಚಿಕ್ಕಂದಿನಿಂದ ಚಪ್ಪಲಿಯಲ್ಲೇ ನಡೆದ ನಮ್ಮಲ್ಲಿ ಅನೇಕರ ಪಾದ ಮುಂಭಾಗದಲ್ಲಿ ಅಗಲ. ಹೊರದೇಶದ ಬೂಟುಗಳು ಕೆಲವು ಬಹಳ ಕಿರಿದು. ಆನ್‌ಲೈನಿನಲ್ಲಿ ತರಿಸುವವರು ಹಳೆ ಪೇಪರ್ ಮೇಲೆ ನಿಂತು ಪಾದದ ಸುತ್ತ ಪೆನ್ಸಿಲ್ ಎಳೆಯಿರಿ. ಉದ್ದವನ್ನೂ ಅಗಲವನ್ನೂ ಸೆಂಟಿಮೀಟರಿನಲ್ಲಿ ಅಳೆದು ಕಂಪನಿಯ ಪಟ್ಟಿಯ ಜೊತೆ ಹೋಲಿಸಿ. ಎರಡೂ ಪಾದ ಅಳೆಯಿರಿ, ದೊಡ್ಡದರ ಅಳತೆ ಲೆಕ್ಕಕ್ಕೆ.

ಸಾಕ್ಸ್ ಹಾಕುವುದಾದರೆ ಹತ್ತಿಯದ್ದು ಬೇಡ. ನೀರು ಹಿಡಿದಿಟ್ಟು ಉಜ್ಜಿ ಬೊಬ್ಬೆ ಎಬ್ಬಿಸುತ್ತದೆ. ತೆಳು ಪಾಲಿಯೆಸ್ಟರ್ ಅಥವಾ ನಿಯೋಪ್ರೀನ್ ಸಾಕ್ಸ್ ಇರಲಿ, ಅಳತೆ ನೋಡುವಾಗಲೂ ಅದನ್ನು ಹಾಕಿಕೊಂಡೇ ನೋಡಿ.

ಮಕ್ಕಳ ವಿಷಯಕ್ಕೆ ಬಂದರೆ ಅಪ್ಪ ಅಮ್ಮಂದಿರಿಗೆ ಒಂದೇ ಕೋರಿಕೆ. ಬೆಳೆಯುವ ಕಾಲು ಅಂತ ಎರಡು ಸೈಜ್ ದೊಡ್ಡದು ಕೊಡಿಸಬೇಡಿ. ಆಪ್ಟಿಮಿಸ್ಟ್ ದೋಣಿಯಲ್ಲೂ ಮಗು ಪಟ್ಟಿಯ ಕೆಳಗೆ ಪಾದ ತೂರಿಸಿ ಹೊರಗೆ ವಾಲುತ್ತದೆ. ಬೂಟು ದೊಡ್ಡದಾದರೆ ಕಾಲು ಒಳಗಿನಿಂದ ಜಾರಿ ಮಗು ಹಿಮ್ಮುಖವಾಗಿ ನೀರಿಗೆ ಬೀಳುತ್ತದೆ, ಬೂಟು ಮಾತ್ರ ದೋಣಿಯಲ್ಲಿ ಉಳಿಯುತ್ತದೆ. ಕ್ಲಬ್ಬಿನಲ್ಲಿ ದೊಡ್ಡ ಮಕ್ಕಳಿಗೆ ಚಿಕ್ಕದಾದ ಬೂಟುಗಳು ಇದ್ದೇ ಇರುತ್ತವೆ. ಕೇಳಿ ಪಡೆಯುವುದರಲ್ಲಿ ಸಂಕೋಚ ಬೇಡ. ಸೋಲು ಮಾತ್ರ ನೋಡಿ ತೆಗೆದುಕೊಳ್ಳಿ.

ತಣ್ಣೀರಿನ ಊರಿನಲ್ಲಿರುವವರಿಗೆ

ಇಂಗ್ಲೆಂಡಿನಲ್ಲೋ ಸ್ಯಾನ್ ಫ್ರಾನ್ಸಿಸ್ಕೋ ಕಡೆಯಲ್ಲೋ ಇರುವ ಕನ್ನಡಿಗರು ಇದನ್ನು ಓದುತ್ತಿದ್ದರೆ, ಮೇಲಿನ ದಪ್ಪದ ಲೆಕ್ಕ ನಿಮಗೆ ಹೊಂದುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಕೊಲ್ಲಿಯ ನೀರು ವರ್ಷದ ಬಹುಭಾಗ 10ರಿಂದ 16 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರುತ್ತದೆ. ಮೇಲೆ ಬಿಸಿಲು ಇದ್ದರೂ ಕಾಲು ಮರಗಟ್ಟುತ್ತದೆ. ಗಾಳಿಗಿಂತ ನೀರು ಮೈಶಾಖವನ್ನು ಬಹಳ ವೇಗವಾಗಿ ಎಳೆದುಕೊಳ್ಳುತ್ತದೆ. ಡಿಂಗಿಗೆ 5 ಮಿಲಿಮೀಟರ್ ಬೂಟು, ಅದರೊಳಗೆ ನಿಯೋಪ್ರೀನ್ ಸಾಕ್ಸ್ ಬೇಕು. ಯಾಟಿನಲ್ಲಿ ದೂರ ಹೋಗುವವರು ಮೊಣಕಾಲಿನ ಹತ್ತಿರದವರೆಗೆ ಬರುವ ನೀರು ತೂರದ ಬೂಟು, ಒಳಗೆ ಉಣ್ಣೆಯ ಸಾಕ್ಸ್ ಹಾಕುತ್ತಾರೆ.

ಎತ್ತರದ ಬೂಟಿನ ಬಗ್ಗೆ ಒಂದು ಹೆದರಿಕೆ ಇದೆ. ನೀರಿಗೆ ಬಿದ್ದರೆ ಬೂಟು ತುಂಬಿ ಮುಳುಗಿಸುತ್ತದೆ ಅಂತ. ನೀರಿನೊಳಗೆ ಇರುವಾಗ ಬೂಟಿನಲ್ಲಿ ತುಂಬಿದ ನೀರಿನ ತೂಕ ತಿಳಿಯುವುದಿಲ್ಲ, ಹಾಗಾಗಿ ಅದು ನಿಮ್ಮನ್ನು ಕೆಳಗೆ ಎಳೆಯುವುದಿಲ್ಲ. ಕಷ್ಟವಾಗುವುದು ಈಜುವಾಗ, ಮತ್ತು ಮತ್ತೆ ದೋಣಿ ಹತ್ತುವಾಗ. ಒಂದೊಂದು ಬೂಟಿನಲ್ಲಿ ಎರಡು ಲೀಟರ್ ನೀರಿದ್ದರೆ ಕಾಲಿಗೆ ಎರಡೆರಡು ಕಿಲೋ ಭಾರ. ಅದಕ್ಕೆ ಈ ಬೂಟು ಸ್ವಲ್ಪ ಸಡಿಲವಿರಬೇಕು, ಕೈ ಹಾಕದೆ ಒದ್ದು ಕಳಚುವಂತಿರಬೇಕು. ಮನೆಯಲ್ಲಿ ಕುರ್ಚಿ ಮೇಲೆ ಕೂತು ಕಳಚಿ ಅಭ್ಯಾಸ ಮಾಡಿ. ಲೈಫ್ ಜಾಕೆಟ್ ಅಂತೂ ಮೈಮೇಲೆ ಇರಲೇಬೇಕು. ಗದ್ದೆಗೆ ಹಾಕುವ ಗಮ್‌ಬೂಟನ್ನು ಡಿಂಗಿಗೆ ಮಾತ್ರ ತರಬೇಡಿ.

ನಾಳೆಯೇ ಮೊದಲ ಕ್ಲಾಸ್ ಇದ್ದರೆ?

ಶಾಲೆಯಲ್ಲಿ ಪಿ.ಟಿ. ಪೀರಿಯಡ್‌ಗೆ ಹಾಕುವ ಬಿಳಿ ಕ್ಯಾನ್ವಾಸ್ ಶೂ ತನ್ನಿ. ಸೋಲು ಚಪ್ಪಟೆ, ರಬ್ಬರಿನದ್ದು, ಬೆರಳು ಮುಚ್ಚಿದೆ, ಬೆಲೆ ಕಡಿಮೆ. ಹಾಳೆಯ ಮೇಲೆ ಎಳೆದು ನೋಡುವ ಪರೀಕ್ಷೆ ಮಾತ್ರ ಮಾಡಿ. ಲೇಸಿನ ತುದಿಗಳನ್ನು ಶೂ ಒಳಗೆ ತೂರಿಸಿ. ಬೇಗ ಒಣಗುವುದಿಲ್ಲ, ಬಹಳ ದಿನ ಬಾಳುವುದೂ ಇಲ್ಲ, ಆದರೆ ಹಾಯಿದೋಣಿ ನಿಮಗೆ ಹಿಡಿಸುತ್ತದಾ ಅಂತ ತಿಳಿಯುವವರೆಗೆ ಧಾರಾಳ ಸಾಕು.

ಪಾದಕ್ಕೆ ಎಣ್ಣೆ ಹಚ್ಚಿಕೊಂಡು ಬರಬೇಡಿ. ಬಿಸಿಲಿಗೆ ಸನ್‌ಸ್ಕ್ರೀನ್ ಹಚ್ಚುವುದಾದರೆ ದಡದಲ್ಲೇ ಹಚ್ಚಿ, ಅಂಗಾಲು ಮತ್ತು ಕೈ ಒರೆಸಿಕೊಂಡು ದೋಣಿ ಏರಿ. ಡೆಕ್ ಮೇಲೆ ಬಿದ್ದ ಒಂದು ಹನಿ ಎಣ್ಣೆ ನಿಮ್ಮ ಹಿಂದೆ ಬರುವವರನ್ನು ಜಾರಿಸುತ್ತದೆ.

ಮನೆಗೆ ಬಂದ ಮೇಲೆ

ಸಮುದ್ರವಾಗಲಿ ಕೆರೆಯಾಗಲಿ, ಶೂವನ್ನು ಸಿಹಿನೀರಿನಲ್ಲಿ ತೊಳೆಯಿರಿ. ಸೋಲಿನ ಸೀಳುಗಳನ್ನು ಹಳೆ ಟೂತ್‌ಬ್ರಷ್‌ನಿಂದ ಉಜ್ಜಿ ಮರಳು ತೆಗೆಯಿರಿ. ಒಳಗೆ ಪೇಪರ್ ತುರುಕಿ ನೆರಳಿನಲ್ಲಿ, ಗಾಳಿ ಆಡುವ ಕಡೆ ಇಡಿ. ಬಿಸಿಲಿಗೆ ಹಾಕಿದರೆ ನಿಯೋಪ್ರೀನ್ ಗಡುಸಾಗುತ್ತದೆ, ಅಂಟು ಬಿಡುತ್ತದೆ. ಕಾರಿನ ಡಿಕ್ಕಿಯಲ್ಲಿ ಒದ್ದೆ ಬೂಟು ಬಿಟ್ಟು ಮರೆತರೆ ಆಮೇಲೆ ಆ ವಾಸನೆ ಯಾವ ಸೋಪಿಗೂ ಹೋಗುವುದಿಲ್ಲ.

ಪಾದವನ್ನೂ ನೋಡಿಕೊಳ್ಳಿ. ಬೆರಳ ಸಂದಿ ಒದ್ದೆ ಉಳಿದರೆ ಕೆಸರುಹುಣ್ಣು ಆಗುತ್ತದೆ, ಚೆನ್ನಾಗಿ ಒರೆಸಿ. ಗಾಯವಾಗಿದ್ದರೆ ಸೋಪು ಹಾಕಿ ತೊಳೆಯಿರಿ, ಟಿಟಿ ಇಂಜೆಕ್ಷನ್ ಆಗಿ ಎಷ್ಟು ವರ್ಷವಾಯಿತು ನೆನಪಿಸಿಕೊಳ್ಳಿ. ಇಲಿಯ ಮೂತ್ರ ಸೇರಿದ ನೀರಿನಿಂದ ಇಲಿ ಜ್ವರ ಗಾಯದ ಮೂಲಕ ಮೈಗೆ ಬರಬಹುದು. ಕೆರೆಗೆ ಹೋಗಿ ಬಂದ ಕೆಲ ದಿನಗಳಲ್ಲಿ ಜ್ವರ, ಮೈಕೈ ನೋವು ಬಂದರೆ ನೀರಿಗೆ ಇಳಿದಿದ್ದನ್ನು ಡಾಕ್ಟರಿಗೆ ಹೇಳಿ. ಸಕ್ಕರೆ ಕಾಯಿಲೆ ಇರುವವರು ದಡದಲ್ಲೂ ಬರಿಗಾಲಲ್ಲಿ ನಡೆಯಬೇಡಿ. ಪಾದಕ್ಕೆ ಸ್ಪರ್ಶ ಕಡಿಮೆಯಾಗಿದ್ದರೆ ಗಾಜು ಚುಚ್ಚಿದ್ದು ಗೊತ್ತೇ ಆಗುವುದಿಲ್ಲ. ಮನೆಗೆ ಬಂದು ಕನ್ನಡಿ ಹಿಡಿದು ಅಂಗಾಲು ನೋಡಿಕೊಳ್ಳಿ, ಅಥವಾ ಮನೆಯವರಿಗೆ ತೋರಿಸಿ.

ಪ್ರತಿ ಸೀಸನ್ ಶುರುವಾಗುವ ಮುನ್ನ ಸೋಲನ್ನು ಮತ್ತೊಮ್ಮೆ ಬಗ್ಗಿಸಿ ನೋಡಿ. ಹೆಬ್ಬೆರಳ ಬುಡ ಮತ್ತು ಹಿಮ್ಮಡಿಯ ಹೊರ ಅಂಚಿನಲ್ಲಿ ಸೀಳುಗಳು ಸವೆದು ನುಣುಪಾಗಿದ್ದರೆ ಆ ಜೋಡಿಯನ್ನು ದೋಣಿಯ ಕೆಲಸದಿಂದ ತೆಗೆಯಿರಿ. ಸೋಲಿನ ಅಂಚು ಬಿಟ್ಟಿದ್ದರೆ ಚಪ್ಪಲಿ ಹೊಲಿಯುವವರ ಹತ್ತಿರ ಅಂಟು ಹಾಕಿಸಿ, ಸುತ್ತ ನೈಲಾನ್ ದಾರದಲ್ಲಿ ಹೊಲಿಸಿ. ಹತ್ತಿ ದಾರ ಉಪ್ಪುನೀರಿಗೆ ಬೇಗ ಕೊಳೆಯುತ್ತದೆ.